ಉರಿಗಾಂ, ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಪ್ರದೇಶದ ರಸ್ತೆ ಅಪಘಾತಗಳು: ಸ್ಥಿತಿಗತಿ, ಸುರಕ್ಷತೆ ಹಾಗೂ ಪರಿಹಾರ ಪಡೆಯುವ ಕ್ರಮ

1. ಪೀಠಿಕೆ

ರಸ್ತೆ ಅಪಘಾತವು ಒಂದು ಕ್ಷಣದಲ್ಲಿ ಸಂಭವಿಸುತ್ತದೆ. ಆದರೆ ಅದರ ಪರಿಣಾಮವನ್ನು ಕುಟುಂಬವು ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ. ದುಡಿಯುವ ವ್ಯಕ್ತಿ ಮೃತಪಟ್ಟಾಗ ಅಥವಾ ಅಂಗವಿಕಲನಾದಾಗ ಕಾನೂನಿನಲ್ಲಿ ಪರಿಹಾರಕ್ಕೆ ಅವಕಾಶವಿದ್ದರೂ, ಮಾಹಿತಿಯ ಕೊರತೆಯಿಂದ ಅಥವಾ ಅವಧಿ ಮೀರಿದ್ದರಿಂದ ಅನೇಕ ಕುಟುಂಬಗಳು ಅದರಿಂದ ವಂಚಿತವಾಗುವ ಸಂಭವವಿರುತ್ತದೆ. ಈ ಹಿನ್ನೆಲೆಯಲ್ಲಿ ಅಪಘಾತಗಳ ಸ್ಥಿತಿಗತಿ, ಅವುಗಳ ಕಾರಣಗಳು, ವಾಹನ ಚಾಲಕರ ಕರ್ತವ್ಯಗಳು ಹಾಗೂ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ವಿಧಾನವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಪ್ರದೇಶದ ಪರಿಚಯ

ಕೋಲಾರ ಜಿಲ್ಲೆಯ ಆಡಳಿತವು ಒಂದೇ ಆಗಿದ್ದರೂ ಪೊಲೀಸ್ ಆಡಳಿತದ ದೃಷ್ಟಿಯಿಂದ ಜಿಲ್ಲೆಯನ್ನು ಕೋಲಾರ ಮತ್ತು ಕೆ.ಜಿ.ಎಫ್. ಎಂಬ ಎರಡು ಪೊಲೀಸ್ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ಉರಿಗಾಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಬೆಮೆಲ್ ನಗರ, ಬಂಗಾರಪೇಟೆ, ಬೂದಿಕೋಟೆ, ಕಾಮಸಮುದ್ರ ಮತ್ತು ಬೇತಮಂಗಲ ಪ್ರದೇಶಗಳು ಕೆ.ಜಿ.ಎಫ್. ಪೊಲೀಸ್ ಜಿಲ್ಲೆಯ ವ್ಯಾಪ್ತಿಗೆ ಸೇರಿವೆ. ಕೆ.ಜಿ.ಎಫ್. ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗುವ ವಾಹನಗಳಿಗೆ ಕೆ.ಎ.-08 ಸಂಖ್ಯೆಯನ್ನು ನೀಡಲಾಗುತ್ತದೆ.

ಚಿನ್ನದ ಗಣಿಗಳ ಕಾಲದಲ್ಲಿ ಕಾರ್ಮಿಕರ ವಸತಿ ಸಾಲುಗಳು ಗಣಿಯ ಬಾಗಿಲಲ್ಲೇ ಇದ್ದುದರಿಂದ ಬಹುತೇಕರು ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಲ್ಪಟ್ಟ ತರುವಾಯ ಸಾವಿರಾರು ಜನರು ಉದ್ಯೋಗಕ್ಕಾಗಿ ಪ್ರತಿನಿತ್ಯ ಬೆಂಗಳೂರಿಗೆ ಪ್ರಯಾಣಿಸುವಂತಾಯಿತು. ಬೆಳಗಿನ ಜಾವದ ರೈಲು ಹಿಡಿಯಲು ದ್ವಿಚಕ್ರ ವಾಹನದಲ್ಲಿ ನಿಲ್ದಾಣಕ್ಕೆ ಧಾವಿಸುವುದು, ರಾತ್ರಿ ದಣಿದು ಕತ್ತಲಿನಲ್ಲಿ ಹಿಂದಿರುಗುವುದು ಇಲ್ಲಿನ ದಿನಚರಿಯ ಭಾಗವಾಗಿದೆ. ನಿದ್ರೆಯ ಕೊರತೆ, ಅವಸರ ಮತ್ತು ಮಂದ ಬೆಳಕು ಮೂರೂ ಒಂದೇ ವೇಳೆಯಲ್ಲಿ ಕೂಡುವುದರಿಂದ ಈ ಪ್ರಯಾಣವು ವಿಶೇಷ ಎಚ್ಚರಿಕೆಯನ್ನು ಬಯಸುತ್ತದೆ.

3. ಅಪಘಾತಗಳ ಸ್ಥಿತಿಗತಿ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಪ್ರಕಟಿಸಿರುವ ಅಂಕಿ ಅಂಶಗಳ ಪ್ರಕಾರ ಕರ್ನಾಟಕದ ವಿವರ ಹೀಗಿದೆ:

- 2020: 34,178 ಅಪಘಾತಗಳು, 9,760 ಮರಣ
- 2021: 34,647 ಅಪಘಾತಗಳು, 10,038 ಮರಣ
- 2022: 39,762 ಅಪಘಾತಗಳು, 11,702 ಮರಣ

2020 ಮತ್ತು 2021ರಲ್ಲಿ ಕೋವಿಡ್ ನಿರ್ಬಂಧಗಳಿಂದ ಸಂಚಾರ ಕಡಿಮೆಯಾಗಿತ್ತು. ಸಂಚಾರವು ಮೊದಲಿನಂತಾದ ಕೂಡಲೇ ಮರಣ ಸಂಖ್ಯೆಯೂ ಏರಿರುವುದನ್ನು ಇಲ್ಲಿ ಗಮನಿಸಬಹುದು. 2022ರ ಅಂಕಿಗಳನ್ನು ದಿನಗಳಿಗೆ ಹಂಚಿದರೆ ರಾಜ್ಯದಲ್ಲಿ ದಿನಕ್ಕೆ 32 ಜನರು ರಸ್ತೆಯಲ್ಲಿ ಪ್ರಾಣ ಕಳೆದುಕೊಂಡಂತಾಗುತ್ತದೆ. ಪ್ರತಿ 10 ಅಪಘಾತಗಳಿಗೆ ಸುಮಾರು 3 ಮರಣಗಳು ಸಂಭವಿಸಿವೆ.

2022ರಲ್ಲಿ ದೇಶದಲ್ಲಿ ಒಟ್ಟು 1,68,491 ಜನರು ಮೃತಪಟ್ಟರು. ಇವರಲ್ಲಿ ಶೇಕಡ 44ಕ್ಕೂ ಹೆಚ್ಚು ಜನರು ದ್ವಿಚಕ್ರ ವಾಹನ ಸವಾರರು. 32,825 ಜನರು ಪಾದಚಾರಿಗಳು. ಶೇಕಡ 71ರಷ್ಟು ಮರಣಗಳಿಗೆ ಅತಿ ವೇಗವೇ ಕಾರಣವೆಂದು ದಾಖಲಾಗಿದೆ. ಹೆಲ್ಮೆಟ್ ಧರಿಸದೆ ಮೃತಪಟ್ಟವರು 50,029. ಅಂದರೆ ರಸ್ತೆಯಲ್ಲಿ ಸಾಯುತ್ತಿರುವವರಲ್ಲಿ ಹೆಚ್ಚಿನವರು ದ್ವಿಚಕ್ರ ವಾಹನದಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಸಾಗುವ ಸಾಮಾನ್ಯ ಜನರೇ ಆಗಿದ್ದಾರೆ.

4. ಸ್ಥಳೀಯವಾಗಿ ಎಚ್ಚರ ವಹಿಸಬೇಕಾದ ಸಂದರ್ಭಗಳು

(ಅ) ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ: ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮಾರ್ಗವಾಗಿ ಬೇತಮಂಗಲದವರೆಗಿನ ಸುಮಾರು 71 ಕಿ.ಮೀ. ಭಾಗದಲ್ಲಿ 2024ರ ಡಿಸೆಂಬರ್‌ನಲ್ಲಿ ವಾಹನ ಸಂಚಾರ ಆರಂಭವಾಯಿತು. ವೇಗದ ವಾಹನಗಳಿಗಾಗಿ ನಿರ್ಮಿಸಿರುವ ಈ ರಸ್ತೆಗೆ ನಿಗದಿತ ಸ್ಥಳಗಳಲ್ಲಿ ಮಾತ್ರ ಪ್ರವೇಶವಿರುತ್ತದೆ. ದ್ವಿಚಕ್ರ ವಾಹನ ಮತ್ತು ಆಟೋರಿಕ್ಷಾಗಳು ಇದರಲ್ಲಿ ಸಂಚರಿಸುವಂತಿಲ್ಲ. 2025ರ ಮಾರ್ಚ್‌ನಲ್ಲಿ ಬಂಗಾರಪೇಟೆ ತಾಲ್ಲೂಕಿನ ಕುಪ್ಪನಹಳ್ಳಿ ಬಳಿ ಕಾರು ಮತ್ತು ದ್ವಿಚಕ್ರ ವಾಹನದ ನಡುವೆ ಸಂಭವಿಸಿದ ಡಿಕ್ಕಿಯಲ್ಲಿ ನಾಲ್ವರು ಮೃತಪಟ್ಟರು. ಊರಿಗೆ ಹತ್ತಿರವೆಂಬ ಕಾರಣಕ್ಕೆ ಬೇಲಿಯ ಸಂದಿನಿಂದ ಹೆದ್ದಾರಿಗೆ ಇಳಿಯುವುದು, ಎದುರು ದಿಕ್ಕಿನಲ್ಲಿ ಚಲಿಸುವುದು, ಜಾನುವಾರುಗಳನ್ನು ಅಡ್ಡ ಹಾಯಿಸುವುದು ಪ್ರಾಣಾಪಾಯಕ್ಕೆ ಆಹ್ವಾನ ನೀಡಿದಂತೆ. ಗ್ರಾಮಸ್ಥರು ಕೆಳಸೇತುವೆಗಳನ್ನೇ ಬಳಸತಕ್ಕದ್ದು.

(ಆ) ರೈಲ್ವೆ ಗೇಟುಗಳು: ಬಂಗಾರಪೇಟೆ–ಮಾರಿಕುಪ್ಪಂ ಶಾಖಾ ಮಾರ್ಗ ಹಾಗೂ ಬಂಗಾರಪೇಟೆ–ಕೋಲಾರ ಮಾರ್ಗಗಳು ಜನವಸತಿಯ ನಡುವೆ ಹಾದುಹೋಗುತ್ತವೆ. ಮುಚ್ಚಿದ ಗೇಟಿನ ಕೆಳಗೆ ವಾಹನವನ್ನು ನುಗ್ಗಿಸುವುದು ಹಾಗೂ ಹಳಿಗಳನ್ನು ಅಕ್ರಮವಾಗಿ ದಾಟುವುದು ರೈಲ್ವೆ ಅಧಿನಿಯಮ, 1989ರ ಪ್ರಕಾರ ಶಿಕ್ಷಾರ್ಹ ಅಪರಾಧವಾಗಿದೆ.

(ಇ) ಗಣಿ ದೂಳು: ಸೈನೈಡ್ ದಿಬ್ಬಗಳೆಂದು ಕರೆಯಲ್ಪಡುವ ಗಣಿತ್ಯಾಜ್ಯದ ಗುಡ್ಡೆಗಳಿಂದ ಗಾಳಿಗಾಲದಲ್ಲಿ ಸಣ್ಣ ದೂಳು ಎದ್ದು ರಸ್ತೆಯನ್ನು ಆವರಿಸುತ್ತದೆ. ಕಣ್ಣಿಗೆ ದೂಳು ಬಿದ್ದ ಸವಾರನು ಕ್ಷಣಕಾಲ ಕುರುಡನಂತಾಗುತ್ತಾನೆ. ಮುಖಗವಸಿನ ಗಾಜುಳ್ಳ ಹೆಲ್ಮೆಟ್ ಧರಿಸುವುದು, ವೇಗ ತಗ್ಗಿಸುವುದು ಮತ್ತು ದೀಪ ಬೆಳಗಿಸುವುದು ಅಗತ್ಯ.

(ಈ) ಮಾರುಕಟ್ಟೆ ಪ್ರದೇಶ: ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಹಾಗೂ ಬಂಗಾರಪೇಟೆಯ ಬಸ್ ಮತ್ತು ರೈಲು ನಿಲ್ದಾಣಗಳ ಸುತ್ತ ಪಾದಚಾರಿಗಳ ದಟ್ಟಣೆ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು ಚಾಲಕನು ಬ್ರೇಕ್ ಒತ್ತುವ ಮೊದಲಿನ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ, 30 ಕಿ.ಮೀ. ವೇಗದಲ್ಲಿ ಈ ದೂರ ಸುಮಾರು 8 ಮೀಟರ್ ಮಾತ್ರ. ರಸ್ತೆ ದಾಟುವ ಮಗುವಿನ ಪಾಲಿಗೆ ಈ ವ್ಯತ್ಯಾಸವೇ ನಿರ್ಣಾಯಕ.

5. ವಾಹನ ಮಾಲೀಕರು ಮತ್ತು ಸವಾರರ ಗಮನಕ್ಕೆ

(ಅ) ದ್ವಿಚಕ್ರ ವಾಹನದ ಸವಾರ ಹಾಗೂ ಹಿಂಬದಿ ಸವಾರ ಇಬ್ಬರೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸಿ ಪಟ್ಟಿಯನ್ನು ಬಿಗಿಯತಕ್ಕದ್ದು. ಉಲ್ಲಂಘನೆಗೆ ಕರ್ನಾಟಕದಲ್ಲಿ ರೂ. 500 ದಂಡವಿದ್ದು, ಚಾಲನಾ ಪರವಾನಗಿಯನ್ನು ಮೂರು ತಿಂಗಳು ಅನರ್ಹಗೊಳಿಸಲೂ ಕಾನೂನಿನಲ್ಲಿ ಅವಕಾಶವಿದೆ.

(ಆ) ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧ ಎಸಗಿದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 199ಎ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ರೂ. 25,000 ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳ ಅವಧಿಗೆ ರದ್ದಾಗುತ್ತದೆ. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ.

(ಇ) ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ವಿಮೆಯಿಲ್ಲದ ವಾಹನದಿಂದ ಅಪಘಾತವಾದಲ್ಲಿ ಪರಿಹಾರದ ಸಂಪೂರ್ಣ ಹೊಣೆ ಮಾಲೀಕರದ್ದೇ ಆಗಿರುತ್ತದೆ. ಮನೆ, ಜಮೀನು ಮಾರಿ ಪರಿಹಾರ ಕಟ್ಟಬೇಕಾದ ಸ್ಥಿತಿ ಬರಬಹುದು. ಮಾಲೀಕರಿಗೆ ಏನೂ ಇಲ್ಲದಿದ್ದಲ್ಲಿ ನೊಂದ ಕುಟುಂಬಕ್ಕೂ ಹಣ ಕೈಸೇರುವುದು ಕಷ್ಟ.

(ಈ) ಹಳೆಯ ವಾಹನವನ್ನು ಮಾರಿದವರು ಕೇವಲ ಕೀಲಿ ಮತ್ತು ಕಾಗದಪತ್ರ ಕೊಟ್ಟು ಸುಮ್ಮನಾಗತಕ್ಕದ್ದಲ್ಲ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಪರಿಗಣಿತರಾಗುತ್ತಾರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ, ಹೊರ ರಾಜ್ಯಕ್ಕೆ ಮಾಡಿದ ಮಾರಾಟವನ್ನು 45 ದಿನಗಳೊಳಗೆ ಮಾರಿದವರು ಸಾರಿಗೆ ಕಚೇರಿಗೆ ವರದಿ ಮಾಡತಕ್ಕದ್ದು. ಇದಕ್ಕೆ ನಮೂನೆ 29 ಮತ್ತು 30ನ್ನು ಬಳಸಲಾಗುತ್ತದೆ. ಆಂಧ್ರ ಪ್ರದೇಶ ಮತ್ತು ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಈ ಭಾಗದ ಮಾಲೀಕರು ಇದನ್ನು ಅವಶ್ಯ ಗಮನಿಸಬೇಕು.

6. ಅಪಘಾತ ಸಂಭವಿಸಿದಾಗ ಅನುಸರಿಸಬೇಕಾದ ಕ್ರಮ

(ಅ) ತುರ್ತು ನೆರವಿಗೆ 112ಕ್ಕೆ, ಆಂಬುಲೆನ್ಸ್‌ಗೆ 108ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡುವುದು.

(ಆ) ಗಾಯಾಳುವನ್ನು ಸಮೀಪದ ಆಸ್ಪತ್ರೆಗೆ ಸೇರಿಸುವುದು. ಅಪಘಾತದ ನಂತರದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ದೊರೆತಲ್ಲಿ ಬದುಕುಳಿಯುವ ಸಾಧ್ಯತೆ ಹೆಚ್ಚು. ನೆರವಾದವರು ತಮ್ಮ ಹೆಸರು, ವಿಳಾಸ ತಿಳಿಸಬೇಕೆಂದು ಪೊಲೀಸರಾಗಲೀ ಆಸ್ಪತ್ರೆಯವರಾಗಲೀ ಒತ್ತಾಯಿಸುವಂತಿಲ್ಲ. ಅಧಿನಿಯಮದ ಕಲಂ 134ಎ ಹಾಗೂ 2016ರ ಕರ್ನಾಟಕದ ಕಾಯ್ದೆ ಎರಡೂ ಇಂತಹವರಿಗೆ ರಕ್ಷಣೆ ನೀಡಿವೆ. ಆದುದರಿಂದ ಪೊಲೀಸ್, ಕೋರ್ಟು ಎಂದು ಅಂಜಿ ಗಾಯಾಳುವನ್ನು ಬಿಟ್ಟು ಹೋಗಬೇಕಾದ ಕಾರಣವಿಲ್ಲ.

(ಇ) ವಾಹನ ಚಾಲಕನು ಸ್ಥಳದಿಂದ ಪರಾರಿಯಾಗದೆ ಗಾಯಾಳುವಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡತಕ್ಕದ್ದು ಮತ್ತು ತಡವಾದರೂ 24 ಗಂಟೆಗಳೊಳಗೆ ಠಾಣೆಗೆ ವರದಿ ಮಾಡತಕ್ಕದ್ದು.

(ಈ) ಅಪಘಾತವು ಯಾವ ಠಾಣೆಯ ವ್ಯಾಪ್ತಿಗೆ ಸೇರುತ್ತದೆಂಬುದು ತಿಳಿಯದಿದ್ದರೂ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173 ಇದಕ್ಕೆ ಅವಕಾಶ ನೀಡುತ್ತದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಅಥವಾ ನೊಂದವರಿಗೆ ಉಚಿತವಾಗಿ ನೀಡಲಾಗುತ್ತದೆ.

7. ಚಿಕಿತ್ಸೆಯ ವೆಚ್ಚ

2016ರಲ್ಲಿ ಬೆಂಗಳೂರು–ತುಮಕೂರು ರಸ್ತೆಯ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು, ಕೊನೆಯುಸಿರೆಳೆಯುವ ಮುನ್ನ ನೇತ್ರದಾನದ ಇಚ್ಛೆ ವ್ಯಕ್ತಪಡಿಸಿದ ಯುವಕ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಅದೇ ವರ್ಷ ಮುಖ್ಯಮಂತ್ರಿ ಸಾಂತ್ವನ–ಹರೀಶ್ ಯೋಜನೆಯನ್ನು ಜಾರಿಗೆ ತಂದಿತು. ಮೊದಲ 48 ಗಂಟೆಗಳ ಚಿಕಿತ್ಸೆಗೆ ರೂ. 25,000ದವರೆಗಿನ ವೆಚ್ಚವನ್ನು ಭರಿಸುವುದು ಅದರ ಉದ್ದೇಶವಾಗಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ, ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ನಿಯುಕ್ತ ಆಸ್ಪತ್ರೆಗಳಲ್ಲಿ ಅಪಘಾತದ ದಿನಾಂಕದಿಂದ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ಚಿಕಿತ್ಸೆ ಪಡೆಯಲು ಅವಕಾಶವಿದೆ.

8. ಪರಿಹಾರಕ್ಕೆ ಅರ್ಜಿ

(ಅ) ವಾಹನ ಪತ್ತೆಯಾದಾಗ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಲಂ 166ರನ್ವಯ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತದ ದಿನಾಂಕದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಈ ಅವಧಿಯನ್ನು ಯಾರೂ ಲಘುವಾಗಿ ಪರಿಗಣಿಸಬಾರದು. ಅಪಘಾತವು ಕುಪ್ಪಂ ಅಥವಾ ವಿ.ಕೋಟೆಯಂತಹ ಹೊರ ರಾಜ್ಯದ ಸ್ಥಳದಲ್ಲಿ ಸಂಭವಿಸಿದ್ದರೂ, ಅರ್ಜಿದಾರರು ತಮ್ಮ ವಾಸಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು.

(ಆ) ತಪ್ಪನ್ನು ರುಜುವಾತು ಮಾಡದೆ ಪಡೆಯುವ ಪರಿಹಾರ: ಕಲಂ 164ರ ಪ್ರಕಾರ ಮರಣಕ್ಕೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ ನಿಗದಿಯಾಗಿದೆ. ಈ ಮೊತ್ತವನ್ನು ಒಪ್ಪಿ ಸ್ವೀಕರಿಸಿದಲ್ಲಿ ನ್ಯಾಯಮಂಡಳಿಯ ಮುಂದಿನ ಅರ್ಜಿಯು ಊರ್ಜಿತವಾಗಿ ಉಳಿಯುವುದಿಲ್ಲ. ಮೃತರ ವಯಸ್ಸು, ಆದಾಯ ಮತ್ತು ಅವಲಂಬಿತರ ಸಂಖ್ಯೆಯನ್ನು ಪರಿಗಣಿಸಿದಾಗ ಹೆಚ್ಚಿನ ಪರಿಹಾರ ದೊರೆಯುವ ಸಾಧ್ಯತೆ ಇರುವುದರಿಂದ ಯೋಚಿಸಿ ನಿರ್ಧರಿಸುವುದು ಸೂಕ್ತ.

(ಇ) ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಾಗ: ವಾಹನ ಯಾವುದೆಂದು ತಿಳಿಯದಿದ್ದರೆ ಪರಿಹಾರವೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. 2022ರ ಯೋಜನೆಯ ಪ್ರಕಾರ ಮರಣಕ್ಕೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ದೊರೆಯುತ್ತದೆ. ಅಪಘಾತ ನಡೆದ ತಾಲ್ಲೂಕು ಅಥವಾ ಉಪವಿಭಾಗದ ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ನಿಯೋಜಿತ ಕಂದಾಯ ಅಧಿಕಾರಿಗೆ, ನಮೂನೆ 1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವಿಚಾರಣಾಧಿಕಾರಿಯು ಒಂದು ತಿಂಗಳೊಳಗೆ ವರದಿ ನೀಡಬೇಕಾಗಿದ್ದು, ಜಿಲ್ಲಾಧಿಕಾರಿಯವರು ಮಂಜೂರಾತಿ ನೀಡುತ್ತಾರೆ.

(ಈ) ಪೊಲೀಸರ ವರದಿಗಳು: ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ, 50 ದಿನಗಳೊಳಗೆ ಮಧ್ಯಂತರ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ನೊಂದವರ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು 10 ದಿನಗಳೊಳಗೆ ಕುಟುಂಬಕ್ಕೆ ನೀಡಬೇಕು. ಅದನ್ನು ಕೇಳಿ ಪಡೆಯುವುದು ಕುಟುಂಬದ ಹಕ್ಕಾಗಿದೆ.

9. ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

- ಪ್ರಥಮ ವರ್ತಮಾನ ವರದಿಯ ಪ್ರತಿ ಮತ್ತು ಸ್ಥಳ ಮಹಜರು
- ಮರಣೋತ್ತರ ಪರೀಕ್ಷಾ ವರದಿ ಹಾಗೂ ಮರಣ ಪ್ರಮಾಣಪತ್ರ, ಅಥವಾ ಗಾಯದ ಪ್ರಮಾಣಪತ್ರ
- ಆಸ್ಪತ್ರೆಯ ಬಿಲ್ಲು, ಔಷಧಿ ರಸೀದಿ, ಬಿಡುಗಡೆ ಸಾರಾಂಶ
- ವಯಸ್ಸು, ಉದ್ಯೋಗ ಮತ್ತು ಆದಾಯದ ಪುರಾವೆ
- ವಾರಸುದಾರರ ಸಂಬಂಧವನ್ನು ತೋರಿಸುವ ವಂಶವೃಕ್ಷ, ಪಡಿತರ ಚೀಟಿ
- ಅರ್ಜಿದಾರರ ಗುರುತಿನ ಪತ್ರ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ

ದಿನಗೂಲಿಯಲ್ಲಿ ದುಡಿಯುತ್ತಿದ್ದವರಿಗೆ ವೇತನ ಚೀಟಿ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಮಾಲೀಕರ ಪತ್ರ, ಬ್ಯಾಂಕ್ ಖಾತೆಯ ವಿವರ ಹಾಗೂ ರೈಲಿನ ಮಾಸಿಕ ಪಾಸು ಸಹ ವ್ಯಕ್ತಿಯು ನಿಯಮಿತವಾಗಿ ಕೆಲಸಕ್ಕೆ ಹೋಗುತ್ತಿದ್ದರೆಂಬುದಕ್ಕೆ ಪೂರಕ ಆಧಾರವಾಗಬಲ್ಲವು. ಇವುಗಳನ್ನು ಎಸೆಯದೆ ಜೋಪಾನವಾಗಿ ಇಡುವುದು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಿ ಉಚಿತ ನೆರವಿಗೆ ಅರ್ಜಿ ಸಲ್ಲಿಸಬಹುದು.

10. ಸಾರ್ವಜನಿಕರಲ್ಲಿ ವಿನಂತಿ

ರಸ್ತೆಯ ಗುಂಡಿ, ಕೆಟ್ಟ ಬೀದಿ ದೀಪ, ಅಳಿಸಿದ ಪಾದಚಾರಿ ಪಟ್ಟಿ ಅಥವಾ ಪದೇ ಪದೇ ಅಪಘಾತವಾಗುವ ತಿರುವು ಕಂಡುಬಂದಲ್ಲಿ ನಗರಸಭೆ, ಪುರಸಭೆ ಅಥವಾ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ರೈಲು ತಪ್ಪಿದರೆ ಮುಂದಿನ ರೈಲು ಇದೆ. ಮನೆಯವರ ಪಾಲಿಗೆ ಹೋದ ಜೀವ ಮತ್ತೆ ಬಾರದು. ಆದುದರಿಂದ ಹತ್ತು ನಿಮಿಷ ಮುಂಚಿತವಾಗಿ ಹೊರಟು, ಹೆಲ್ಮೆಟ್ ಧರಿಸಿ, ಮಿತ ವೇಗದಲ್ಲಿ ಸಂಚರಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.