ಪೇಸ್ ಕಂಡ ಹರಿಗೋಲು, ನಮ್ಮ ಹೊಳೆಯ ಗಡ್ಡೆ

ಪೆಸಿಫಿಕ್ ಸಾಗರದ ನಟ್ಟನಡುವೆ ಪಿಟ್‌ಕೇರ್ನ್ ಅಂತ ಒಂದು ದ್ವೀಪ ಇದೆ. ಜನಸಂಖ್ಯೆ ಐವತ್ತರ ಆಸುಪಾಸು. ನಮ್ಮ ಮೆಟ್ರಿಯ ಒಂದು ಓಣಿಯಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಲಕ್ಷಗಟ್ಟಲೆ ಕೊಟ್ಟು ಪ್ರವಾಸಿ ಹಡಗಿನಲ್ಲಿ ಅಲ್ಲಿಗೆ ಹೋದವರಿಗೂ ದಡ ಸುಲಭವಾಗಿ ಸಿಗುವುದಿಲ್ಲ. ದೊಡ್ಡ ಹಡಗು ನಿಲ್ಲಲು ಬಂದರೇ ಇಲ್ಲ. ಹಡಗು ದೂರದಲ್ಲೇ ನಿಲ್ಲುತ್ತದೆ, ದ್ವೀಪದವರು ಉದ್ದನೆಯ ದೋಣಿಗಳಲ್ಲಿ ಬಂದು ಕಟ್ಟಿಗೆಯ ಕೆತ್ತನೆ ಸಾಮಾನು ಮಾರುತ್ತಾರೆ. ಅಲೆ ಜೋರಾದರೆ ಪ್ರವಾಸಿಗರು ದ್ವೀಪವನ್ನು ದೂರದಿಂದ ನೋಡಿ ವಾಪಸ್ಸು.

ಇದನ್ನು ಓದಿದಾಗ ನಮಗೆ ನೆನಪಾಗಿದ್ದು ಆನೆಗೊಂದಿಯ ನವವೃಂದಾವನ ಗಡ್ಡೆ. ತುಂಗಭದ್ರೆಯ ನಡುವಿನ ಈ ಗಡ್ಡೆಗೂ ನೀರು ಒಪ್ಪಿದರೆ ಮಾತ್ರ ದಾರಿ.

ಹಡಗಿನಲ್ಲಿ ಬಂದು ಈ ಹೊಳೆಯನ್ನು ಕಂಡವರು ಹಿಂದೆಯೂ ಇದ್ದರು. 1442ರಲ್ಲಿ ಹಾರ್ಮುಜ್‌ನಿಂದ ಹೊರಟ ಅಬ್ದುಲ್ ರಜಾಕ್ ಹಡಗಿನ ವಾಸನೆ, ಸಮುದ್ರದ ಭಯಕ್ಕೆ ಪ್ರಜ್ಞೆ ತಪ್ಪಿದ್ದನ್ನು ತಾನೇ ಬರೆದುಕೊಂಡಿದ್ದಾನೆ. ಕಲ್ಲಿಕೋಟೆ, ಮಂಗಳೂರು ದಾಟಿ, ಅಲ್ಲಿಂದ ನೆಲದ ದಾರಿ ಹಿಡಿದು 1443ರಲ್ಲಿ ಎರಡನೇ ದೇವರಾಯನ ರಾಜಧಾನಿಗೆ ಬಂದ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೋ ಪೇಸ್‌ನ ಕಣ್ಣಿಗೆ ಬಿದ್ದಿದ್ದು ಹರಿಗೋಲು. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸಬಹುದು. ಆದರೆ ನೇರ ಹೋಗುವುದಿಲ್ಲ, ಗರಗರ ತಿರುಗುತ್ತಲೇ ಇರುತ್ತದೆ ಎಂದು ಬರೆದ. ಸಾಗರ ದಾಟಿ ಬಂದವನಿಗೆ ನಮ್ಮ ಪುಟ್ಟ ದೋಣಿ ಇಷ್ಟು ವಿಚಿತ್ರ ಅನಿಸಿತಲ್ಲ, ನಮಗೆ ಅದೇ ಖುಷಿ! ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ತಿರುಗುವುದು ಮಾತ್ರ ನಿಂತಿಲ್ಲ.

ಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ಪುರಂದರದಾಸರ ಗುರು ವ್ಯಾಸರಾಯರದೂ ಅಲ್ಲೇ, ಅವರು ತೀರಿಕೊಂಡಿದ್ದು 1539ರಲ್ಲಿ. ಸುತ್ತ ನೀರಿದೆ, ಯಾರು ಬಂದಾರು ಎಂದು ನಾವೆಲ್ಲ ನಂಬಿದ್ದೆವು. 2019ರ ಜುಲೈನಲ್ಲಿ ಒಂದು ರಾತ್ರಿ ನಿಧಿಯಾಸೆಗೆ ಬಿದ್ದವರು ವ್ಯಾಸರಾಯರ ವೃಂದಾವನವನ್ನೇ ಕೆಡವಿದರು. ಅದನ್ನು ಮತ್ತೆ ಕಟ್ಟಿದ್ದಾರೆ. ಕಲ್ಲು ನಿಲ್ಲಿಸಬಹುದು, ಆದರೆ ಆ ನಂಬಿಕೆ ಮೊದಲಿನಂತಿಲ್ಲ.

ಹರಿಗೋಲಿನ ಬದಲು ಸೇತುವೆ ಬೇಕೆಂಬುದು ಈ ಭಾಗದ ಹಳೆಯ ಬೇಡಿಕೆ. ತಳವಾರಘಟ್ಟದ ಹತ್ತಿರ ಕೆಲಸ ಶುರುವಾದಾಗ ಹಂಪಿಯ ಸ್ಮಾರಕಗಳಿಗೆ ಧಕ್ಕೆ ಎಂಬ ಮಾತು ಬಂತು. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ, ಇನ್ನೂ ಮುಗಿಯದ ಆ ಸೇತುವೆ ಕುಸಿದು ಕೂಲಿಕಾರರು ಸತ್ತರು. ಸ್ಮಾರಕ ಉಳಿಯಬೇಕು ಎಂದವರದೂ ತಪ್ಪಲ್ಲ, ಶಾಲೆಗೆ ಹೊಳೆ ದಾಟುವ ಮಕ್ಕಳ ಅಪ್ಪ-ಅವ್ವಂದಿರದೂ ತಪ್ಪಲ್ಲ. ಆದರೆ ಪ್ರಾಣ ಹೋಗಿದ್ದು ಈ ವಾದದಲ್ಲಿ ಎಲ್ಲೂ ಇಲ್ಲದ ಕೂಲಿಯವರದು.

ಆಮೇಲೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಬಂತು. ಡ್ಯಾಂನಿಂದ ಹೆಚ್ಚು ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗ ಗಂಗಾವತಿಗೆ ಹೋಗುವ ನಮಗೆ ಅದೇ ಸುತ್ತುದಾರಿ. ಗಡ್ಡೆಗೆ ಆ ಸುತ್ತುದಾರಿಯೂ ಇಲ್ಲ. ನೀರು ಇಳಿಯುವವರೆಗೆ ಅಂಬಿಗರು ಹರಿಗೋಲನ್ನು ದಡದಲ್ಲಿ ಬೋರಲು ಹಾಕುತ್ತಾರೆ, ಬಂದವರು ಆನೆಗೊಂದಿಯ ದಡದಲ್ಲೇ ನಿಂತು ಕೈಮುಗಿದು ಊರಿಗೆ ಮರಳುತ್ತಾರೆ.