ಗುರಿ ಅಭ್ಯಾಸಕ್ಕೆ ಬಂದೂಕಿನ ಬೋರ್ ಆಯ್ಕೆ: ಅರ್ಜಿದಾರರ ಗಮನಕ್ಕೆ

ಬೋರ್ ಎಂದರೆ ನಳಿಕೆಯ ಒಳ ಅಳತೆ. ಪರವಾನಗಿಯಲ್ಲಿ ಇದು ನಮೂದಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನವೇ ನಿರ್ಧರಿಸಿಕೊಳ್ಳುವುದು ಸೂಕ್ತ.

ಹೊಸಬರು 10 ಮೀಟರ್ ಸ್ಪರ್ಧೆಗಳ 4.5 ಮಿ.ಮೀ. ಏರ್ ರೈಫಲ್‌ನಿಂದ ಆರಂಭಿಸುವುದು ಲೇಸು. ಶಸ್ತ್ರಾಸ್ತ್ರ ನಿಯಮಗಳು, 2016ರನ್ವಯ ಈ ಅಳತೆಯನ್ನಾಗಲಿ 20 ಜೌಲ್ ಶಕ್ತಿಯನ್ನಾಗಲಿ ಮೀರದ ಏರ್‌ಗನ್‌ಗೆ ಪರವಾನಗಿ ಅಗತ್ಯವಿಲ್ಲ.

ಮುಂದಿನ ಹಂತ .22 ಬೋರ್, ಅಂದರೆ 5.6 ಮಿ.ಮೀ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಹಾಗೂ 25 ಮೀಟರ್ ಪಿಸ್ತೂಲು ಸ್ಪರ್ಧೆಗಳು ಇದರಲ್ಲಿಯೇ ನಡೆಯುತ್ತವೆ. ಒದೆತ ಅತ್ಯಲ್ಪ; ತೋಟಾಗಳ ವೆಚ್ಚವೂ ಕಡಿಮೆ. ಮೊದಲೇ ದೊಡ್ಡ ಬೋರ್ ಹಿಡಿದವರಲ್ಲಿ ಅನೇಕರು ಒದೆತಕ್ಕೆ ಅಂಜಿ, ಗುಂಡು ಹಾರುವ ಮುನ್ನವೇ ಕಣ್ಣು ಮುಚ್ಚುವ ಚಾಳಿಗೆ ಬೀಳುತ್ತಾರೆ. ಅದನ್ನು ಬಿಡಿಸುವುದು ಸುಲಭವಲ್ಲ.

2019ರ ತಿದ್ದುಪಡಿಯನ್ವಯ ಒಬ್ಬ ವ್ಯಕ್ತಿ ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಆದರೆ ಕೇಂದ್ರ ಸರ್ಕಾರದ ಮಾನ್ಯತೆಯುಳ್ಳ ರೈಫಲ್ ಕ್ಲಬ್‌ನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ ಈ ಮಿತಿಗೆ ಒಳಪಡುವುದಿಲ್ಲ. ಹಿರಿಯರಿಂದ ಬಂದ ಕೋವಿಗಳಿಗೆ ಈಗಾಗಲೇ ಪರವಾನಗಿ ಹೊಂದಿರುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಟ್ರ್ಯಾಪ್ ಮತ್ತು ಸ್ಕೀಟ್‌ಗೆ 12 ಬೋರ್ ಕೋವಿ ಬೇಕು. ಇದು 12 ಮಿ.ಮೀ. ಎಂದು ಭಾವಿಸಬಾರದು, ನಳಿಕೆಯ ಅಳತೆಯ ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆ ಎಂಬುದೇ ಇದರ ಅರ್ಥ.

.303 ಹಾಗೂ 9 ಮಿ.ಮೀ. ನಿಷೇಧಿತ ಬೋರ್‌ಗಳಾಗಿದ್ದು, ಇವುಗಳಿಗೆ ಪರವಾನಗಿ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ ಇರುವುದಿಲ್ಲ. ಇತರ ಬೋರ್‌ಗಳಿಗೆ ನಮೂನೆ ಎ-1ರಲ್ಲಿ ಅವರಿಗೆ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ ಅರ್ಜಿ ಸಲ್ಲಿಸತಕ್ಕದ್ದು.