ಬೀಜವೋ, ನೆಲವೋ? ಅಂಡಾಶಯದ ಕ್ಯಾನ್ಸರ್ ಹರಡುವ ಬಗೆ



ನಿಮ್ಮಲ್ಲಿ ಕೆಲವರು ಆಲಮಟ್ಟಿಯ ಅಣೆಕಟ್ಟನ್ನು ನೋಡಿರಬಹುದು. ಕೃಷ್ಣಾ ನದಿಗೆ ಅಡ್ಡಲಾಗಿ ನಿಂತಿರುವ ಈ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಈಗ ಅವರದೇ ಹೆಸರಿದೆ. ಅಣೆಕಟ್ಟನ್ನು ನೋಡಲು ಹೋದವರು ಸುತ್ತಲಿನ ಹೊಲಗಳನ್ನೂ ಗಮನಿಸಿರುತ್ತೀರಿ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗದ ಎರೆಹೊಲಗಳಲ್ಲಿ ರೈತರು ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾರೆ. ಮಳೆ ನಿಂತ ಮೇಲೂ ಎರೆಮಣ್ಣು ತನ್ನೊಳಗೆ ಹಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿಯ ಬಲದಿಂದಲೇ ಜೋಳ ತೆನೆಗಟ್ಟುತ್ತದೆ. ಅದೇ ಬೀಜವನ್ನು ಅದೇ ದಿನ ತೆಳುವಾದ ಮಸಾರಿ ನೆಲದಲ್ಲಿ ಬಿತ್ತಿದರೆ ಅಂಥ ಪೈರು ಬರುವುದಿಲ್ಲ. ಆದ್ದರಿಂದ ಕೂರಿಗೆ ಹಿಡಿದ ರೈತ ಬೀಜವನ್ನಷ್ಟೇ ನೋಡುವುದಿಲ್ಲ, ನೆಲವನ್ನೂ ನೋಡುತ್ತಾನೆ.

ಹೊಲದ ಈ ಸರಳ ತಿಳಿವಳಿಕೆಯನ್ನು ಕ್ಯಾನ್ಸರಿನ ವಿಷಯದಲ್ಲಿ ವೈದ್ಯಲೋಕ ಪೂರ್ತಿಯಾಗಿ ಒಪ್ಪಿಕೊಳ್ಳಲು ಸುಮಾರು ನೂರು ವರ್ಷ ಹಿಡಿಯಿತು. ಆ ಕಥೆಯನ್ನೇ ಇಲ್ಲಿ ನೋಡೋಣ.

ಲಂಡನ್ನಿನ ಲೆಕ್ಕಾಚಾರ

ಸ್ಟೀಫನ್ ಪ್ಯಾಜೆಟ್ ಲಂಡನ್ನಿನ ಒಬ್ಬ ಶಸ್ತ್ರವೈದ್ಯ. ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಒಟ್ಟುಗೂಡಿಸಿ, ರೋಗ ಯಾವ ಯಾವ ಅಂಗಕ್ಕೆ ಹರಡಿತ್ತು ಎಂದು ಆತ ಲೆಕ್ಕ ಹಾಕಿದ. ಯಕೃತ್ತಿನಲ್ಲಿ ಗಂಟುಗಳು ಕಂಡದ್ದು 241 ಮಂದಿಯಲ್ಲಿ. ಗುಲ್ಮದಲ್ಲಿ ಕಂಡದ್ದು ಕೇವಲ 17 ಮಂದಿಯಲ್ಲಿ. ರಕ್ತವೇನೋ ಎರಡು ಅಂಗಗಳಿಗೂ ಹರಿಯುತ್ತದೆ. ಹರಡುವಿಕೆ ಬರೀ ಆಕಸ್ಮಿಕವಾಗಿದ್ದರೆ ಇಷ್ಟೊಂದು ಅಂತರ ಏಕೆ? 1889ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ಯಾಜೆಟ್ ತನ್ನ ಉತ್ತರವನ್ನು ಪ್ರಕಟಿಸಿದ. ಗಿಡವೊಂದರ ಬೀಜ ಎಲ್ಲ ದಿಕ್ಕಿಗೂ ಚೆಲ್ಲಬಹುದು, ಆದರೆ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಆ ಉತ್ತರದ ಸಾರ. ಈ ಯೋಚನೆ ತನಗಿಂತ ಮುಂಚೆ ಫುಕ್ಸ್ ಎಂಬ ವೈದ್ಯನಿಗೆ ಹೊಳೆದಿತ್ತೆಂಬುದನ್ನೂ ಆತ ಪ್ರಾಮಾಣಿಕವಾಗಿ ಹೇಳಿದ.

ಆದರೆ ಈ ಮಾತು ಬಹುಕಾಲ ಮೂಲೆ ಸೇರಿತು. 1920ರ ದಶಕದಲ್ಲಿ ಅಮೆರಿಕದ ಪ್ರಸಿದ್ಧ ರೋಗವಿಜ್ಞಾನಿ ಜೇಮ್ಸ್ ಯೂಯಿಂಗ್ ಬೇರೆಯೇ ವಾದ ಹೂಡಿದ. ರಕ್ತ ಮತ್ತು ದುಗ್ಧರಸದ ನಾಳಗಳು ಎಲ್ಲಿಗೆ ಒಯ್ಯುತ್ತವೆಯೋ ಅಲ್ಲಿ ಕ್ಯಾನ್ಸರ್ ಬೆಳೆಯುತ್ತದೆ, ಅಷ್ಟೇ ಎಂದ. ಕಾಲುವೆ ಹೋದಲ್ಲೆಲ್ಲ ಬೆಳೆ ಎಂದಂತಾಯಿತು. ಇದು ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ.

ಪ್ರಶ್ನೆಗೆ ಪ್ರಯೋಗದ ಒರೆಗಲ್ಲು ಸಿಕ್ಕಿದ್ದು 1980ರಲ್ಲಿ. ಇಯಾನ್ ಹಾರ್ಟ್ ಮತ್ತು ಐಸಾಯ ಫಿಡ್ಲರ್ ಇಲಿಗಳ ತೊಡೆಯ ಸ್ನಾಯುವಿನಲ್ಲಿ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ಚೂರುಗಳನ್ನು ಕಸಿ ಮಾಡಿದರು. ಬಳಿಕ ಚರ್ಮದ ಕ್ಯಾನ್ಸರಿನ ಕೋಶಗಳನ್ನು ರಕ್ತಕ್ಕೆ ಬಿಟ್ಟರು. ಶ್ವಾಸಕೋಶದ ಮತ್ತು ಅಂಡಾಶಯದ ಕಸಿಯಲ್ಲಿ ಗಂಟು ಬೆಳೆಯಿತು. ಮೂತ್ರಪಿಂಡದ ಕಸಿಯಲ್ಲಿ ಬೆಳೆಯಲಿಲ್ಲ. ರಕ್ತ ಒಂದೇ, ಜಾಗವೂ ತೊಡೆಯೇ. ಬೇರೆಯಾದದ್ದು ನೆಲ ಮಾತ್ರ!

ಹೊಟ್ಟೆಯೊಳಗಿನ ಹಿನ್ನೀರು

ಈಗ ಅಂಡಾಶಯದ ಕ್ಯಾನ್ಸರಿಗೆ ಬರೋಣ. ಇದರ ದಾರಿ ತುಸು ಬೇರೆ. ಬಹಳಷ್ಟು ಸಂದರ್ಭಗಳಲ್ಲಿ ಈ ರೋಗ ಡಿಂಬನಾಳದ ತುದಿಯಲ್ಲಿ ಶುರುವಾಗುತ್ತದೆಂದು ಈಗ ತಿಳಿದಿದೆ. ಗಂಟಿನಿಂದ ಕಳಚಿದ ಕೋಶಗಳು ಸಣ್ಣ ಸಣ್ಣ ಮುದ್ದೆಗಳಾಗಿ ಹೊಟ್ಟೆಯ ಪೊಳ್ಳಿನಲ್ಲಿರುವ ದ್ರವದಲ್ಲಿ ತೇಲುತ್ತವೆ. ಆರೋಗ್ಯವಂತರಲ್ಲಿ ಈ ದ್ರವ ತೀರ ಸ್ವಲ್ಪ. ಅದು ಒಸರುತ್ತದೆ, ದುಗ್ಧನಾಳಗಳ ಮೂಲಕ ಬಸಿದೂ ಹೋಗುತ್ತದೆ. ಕ್ಯಾನ್ಸರ್ ಬಂದಾಗ ರಕ್ತನಾಳಗಳಿಂದ ಒಸರುವುದು ಹೆಚ್ಚುತ್ತದೆ, ಬಸಿಯುವ ದಾರಿ ಕಟ್ಟಿಕೊಳ್ಳುತ್ತದೆ. ಒಳಹರಿವು ಹೆಚ್ಚಿ ಗೇಟುಗಳನ್ನು ಇಳಿಸಿದರೆ ಆಲಮಟ್ಟಿಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಹೊಟ್ಟೆಯೊಳಗೂ ಹಾಗೆಯೇ ನೀರು ತುಂಬುತ್ತದೆ.

ಈ ನೀರು ತುಂಬಿದ ರೋಗಿಗಳಿಂದಲೇ 1984ರಲ್ಲಿ ಒಂದು ದೊಡ್ಡ ಪಾಠ ಸಿಕ್ಕಿತು. ಹೊಟ್ಟೆಯ ಬಾಧೆ ಕಡಿಮೆ ಮಾಡಲೆಂದು ಕೆಲವರಿಗೆ ವೈದ್ಯರು ನಳಿಕೆಯೊಂದನ್ನು ಅಳವಡಿಸಿ ಆ ದ್ರವವನ್ನು ಕುತ್ತಿಗೆಯ ರಕ್ತನಾಳಕ್ಕೆ ಹರಿಸುತ್ತಿದ್ದರು. ಅದರೊಂದಿಗೆ ಲಕ್ಷಗಟ್ಟಲೆ ಕ್ಯಾನ್ಸರ್ ಕೋಶಗಳೂ ರಕ್ತಕ್ಕೆ ಸೇರುತ್ತಿದ್ದವು. ಯೂಯಿಂಗ್ ಹೇಳಿದ್ದು ಪೂರಾ ನಿಜವಾಗಿದ್ದರೆ ಅವರ ಶ್ವಾಸಕೋಶ ಗಂಟುಗಳಿಂದ ತುಂಬಿಹೋಗಬೇಕಿತ್ತು. ಬ್ರಿಟನ್ನಿನ ಡೇವಿಡ್ ಟ್ಯಾರಿನ್ ಮತ್ತು ಸಂಗಡಿಗರು ಇಂಥ ರೋಗಿಗಳ ಶವಪರೀಕ್ಷೆಗಳನ್ನು ಅಧ್ಯಯನ ಮಾಡಿದಾಗ ಹಾಗೆ ಆಗಿರಲಿಲ್ಲ. ಬೀಜ ಧಾರಾಳವಾಗಿ ಬಿದ್ದಿತ್ತು, ಮೊಳೆತದ್ದು ಅಪರೂಪ.

ಹಾಗಾದರೆ ಈ ಕ್ಯಾನ್ಸರಿಗೆ ಒಗ್ಗುವ ಎರೆಹೊಲ ಯಾವುದು? ಹೊಟ್ಟೆಯಲ್ಲಿ ಕರುಳುಗಳ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪದರವೊಂದಿದೆ. ವೈದ್ಯರು ಅದನ್ನು ಒಮೆಂಟಮ್ ಎನ್ನುತ್ತಾರೆ. ಅಂಡಾಶಯದ ಕ್ಯಾನ್ಸರ್ ಮೊದಲು ನೆಲೆಯೂರುವ ಜಾಗಗಳಲ್ಲಿ ಇದು ಮುಖ್ಯವಾದುದು. ಏಕೆಂಬುದನ್ನು 2011ರಲ್ಲಿ ಶಿಕಾಗೋದ ಅರ್ನ್‌ಸ್ಟ್ ಲೆಂಗೆಲ್ ಅವರ ತಂಡ ತೋರಿಸಿತು. ಅಲ್ಲಿನ ಕೊಬ್ಬಿನ ಕೋಶಗಳು ರಾಸಾಯನಿಕ ಸಂಕೇತಗಳಿಂದ ಕ್ಯಾನ್ಸರ್ ಕೋಶಗಳನ್ನು ಸೆಳೆಯುತ್ತವೆ. ಬಳಿಕ ತಮ್ಮ ಕೊಬ್ಬನ್ನೇ ಅವಕ್ಕೆ ಉರುವಲಾಗಿ ಕೊಡುತ್ತವೆ. 2014ರಲ್ಲಿ ಟೆಕ್ಸಾಸಿನ ಅನಿಲ್ ಸೂದ್ ಅವರ ತಂಡ ಎರಡು ಇಲಿಗಳ ರಕ್ತಸಂಚಾರವನ್ನು ಒಂದಕ್ಕೊಂದು ಜೋಡಿಸಿ ನೋಡಿತು. ಒಂದು ಇಲಿಯ ಅಂಡಾಶಯದ ಕ್ಯಾನ್ಸರ್ ರಕ್ತದ ಮೂಲಕವೇ ಇನ್ನೊಂದನ್ನು ತಲುಪಿ, ಅಲ್ಲಿಯೂ ಒಮೆಂಟಮ್ಮನ್ನೇ ಹುಡುಕಿಕೊಂಡಿತು. ದಾರಿ ಬದಲಾದರೂ ಊರು ಬದಲಾಗಲಿಲ್ಲ.

ನಮ್ಮ ರಾಜ್ಯದ ಅಧ್ಯಾಯ

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. 1982ರಿಂದ ಅಲ್ಲಿ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದಿದೆ. ಪ್ಯಾಜೆಟ್ ಸತ್ತವರನ್ನು ಎಣಿಸಿದ. ಇಲ್ಲಿ ಬದುಕಿರುವವರ ನೆರವಿಗಾಗಿ ಎಣಿಕೆ ನಡೆಯುತ್ತದೆ.

ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ರಾಮ್‌ರೇ ಭಟ್ ಅವರ ತಂಡ ನೆಲದ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದೆ. ರೋಗಿಗಳ ಹೊಟ್ಟೆಯ ದ್ರವದಲ್ಲಿ ತೇಲುವ ಮುದ್ದೆಗಳಲ್ಲಿ ಕೆಲವು ಗಟ್ಟಿ, ಕೆಲವು ಟೊಳ್ಳು ಎಂಬುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರು ವಿವರಿಸಿದರು. ಟೊಳ್ಳು ಮುದ್ದೆಗಳ ಸುತ್ತ ಪ್ರೋಟೀನಿನ ಹೊದಿಕೆಯೊಂದಿತ್ತು. ಅಂದರೆ ಕೆಲವು ಬೀಜಗಳು ಒಂದಿಷ್ಟು ಮಣ್ಣನ್ನು ತಾವೇ ಮೆತ್ತಿಕೊಂಡು ಹೊರಡುತ್ತವೆ!

2020ರ ದಶಕದಲ್ಲಿ ಇದೇ ತಂಡ ಇನ್ನೊಂದು ಪ್ರಶ್ನೆ ಕೇಳಿತು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕೀಮೋಥೆರಪಿ ಔಷಧಿ ಹೊಟ್ಟೆಯ ಒಳಗೋಡೆಯ ಆರೋಗ್ಯವಂತ ಕೋಶಗಳಿಗೆ ಏನು ಮಾಡುತ್ತದೆ? ಪ್ರಯೋಗಾಲಯದಲ್ಲಿ ಆ ಕೋಶಗಳು ಅಕಾಲದಲ್ಲಿ ಮುಪ್ಪಾದವು. ಮುಪ್ಪಾದ ಕೋಶಗಳು ತಮ್ಮ ಸುತ್ತ ಅಂಟಿನಂಥ ಪ್ರೋಟೀನುಗಳನ್ನು ಹೆಚ್ಚಾಗಿ ಹರಡಿದವು. ಕ್ಯಾನ್ಸರ್ ಮುದ್ದೆಗಳು ಎಳೆಯ ಕೋಶಗಳಿಗಿಂತ ಅಲ್ಲಿಯೇ ಹೆಚ್ಚು ಅಂಟಿಕೊಂಡವು. ಕಳೆ ಕೊಲ್ಲಲು ಸುರಿದ ಔಷಧಿ ಹೊಲವನ್ನೇ ಕಳೆಗೆ ಹದ ಮಾಡಿದಂತೆ. ಹಾಗೆಂದು ಕೀಮೋಥೆರಪಿ ಬೇಡವೆಂದು ಯಾರೂ ತಿಳಿಯಬಾರದು. ಸಾವಿರಾರು ಹೆಂಗಸರ ಆಯುಸ್ಸನ್ನು ಹೆಚ್ಚಿಸಿರುವ ಚಿಕಿತ್ಸೆ ಅದು. ಅದರ ಜೊತೆಗೆ ನೆಲವನ್ನೂ ಕಾಯುವ ಔಷಧಿ ಬೇಕು ಎಂಬುದೇ ಈ ಪ್ರಯೋಗದ ಸೂಚನೆ.

ನೀವು ಮಾಡಬಹುದಾದದ್ದು

ಮಿತ್ರರೇ, ಈ ಕ್ಯಾನ್ಸರಿಗೆ ಬಲಿಯಾದವರಲ್ಲಿ ಹೆಚ್ಚಿನವರ ಪ್ರಾಣ ತೆಗೆದದ್ದು ಮೊದಲ ಗಂಟಲ್ಲ, ಹರಡಿದ ಗಂಟುಗಳು. ಮುಂಚಿತವಾಗಿ ಪತ್ತೆ ಹಚ್ಚುವ ಸುಲಭ ತಪಾಸಣೆಯೂ ಕೈಗೆ ಬಂದಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ತಪಾಸಣೆಯಿಂದ ಸಾವುಗಳು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ತಿಳಿದುಬಂತು. ಆದ್ದರಿಂದ ಮನೆಯಲ್ಲಿ ಅವ್ವನೋ ಅಜ್ಜಿಯೋ ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು ಎಂದರೆ "ಗ್ಯಾಸ್ ಆಗಿರಬೇಕು" ಎಂದು ಸುಮ್ಮನಾಗಬೇಡಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಹೆಚ್ಚಿನ ಸಲ ಅದು ಸಣ್ಣ ತೊಂದರೆಯೇ ಆಗಿರುತ್ತದೆ. ಆದರೂ ತೋರಿಸಿ ಬಂದರೆ ಮನಸ್ಸಿಗೆ ನೆಮ್ಮದಿ.

ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮುಳುಗಿ ಬೇರೆ ನೆಲಕ್ಕೆ ಹೋದ ಹಿರಿಯರನ್ನು ಎಂದಾದರೂ ಮಾತನಾಡಿಸಿ. ಹೊಸ ಹೊಲದಲ್ಲಿ ಮೊದಲು ಏನನ್ನು ನೋಡಿದಿರಿ ಎಂದು ಕೇಳಿ. ಮಣ್ಣನ್ನು ಎಂದೇ ಅವರು ಹೇಳಿಯಾರು. 1889ರಲ್ಲಿ ಪ್ಯಾಜೆಟ್ ವೈದ್ಯರಿಗೆ ಹೇಳಿದ್ದೂ ಅದನ್ನೇ. ನಾಳೆ ನಿಮ್ಮಲ್ಲಿ ಯಾರಾದರೂ ಪ್ರಯೋಗಾಲಯ ಸೇರಿದರೆ ಈ ಪ್ರಶ್ನೆ ಅಲ್ಲಿ ನಿಮಗಾಗಿ ಕಾದಿದೆ.